ಕುರಿ ಕಡೆ ಮುಖ ಮಾಡಿದ ಕುರ್ಚಿ

ನನ್ನ ಗಂಡನ ಹೆಸರು ಹುಲೆಪ್ಪ. ಅಂವ ಇದ್ದಾಗ ಈ ಹೆಸರು ನನ್ನ ಬಾಯಾಗ ಬಂದಿಲ್ಲ. ನಮ್ಮಲ್ಲಿ ಗಂಡನ ಹೆಸರು ಹೇಳೂದಿಲ್ಲ. ಈಗ ಬರದೇನಿ.

ಕುರಿ ಕಾಯಾಂವ. ಹಿಪ್ಪರಗಿ ಹತ್ತರ ನಮ್ಮೂರು. ಅಂವ ಕುಂತದ್ದು ನೋಡಿದವರು ಕಡಿಮಿ. ಕುರಿ ಮೇಯುವಾಗ ಕೋಲು ಊರಿ, ಒಂದು ಕಾಲೆತ್ತಿ ಇನ್ನೊಂದು ಮೊಣಕಾಲಿಗೆ ಹಚ್ಚಿ ನಿಲ್ಲತಿದ್ದ. ರೊಟ್ಟಿನೂ ಹಂಗ, ಅಂಗೈ ಮ್ಯಾಲ ಇಟ್ಟುಕೊಂಡು ನಿಂತೇ ತಿನ್ನತಿದ್ದ. ಮೊದಲು ಬಯಲಿತ್ತು, ಆಗೀಗಾದರೂ ಕುಂದ್ರತಿದ್ದ. ಹಿಪ್ಪರಗಿಯಾಗ ಹೊಳಿ ಕಟ್ಟಿ ನೀರು ನಿಲ್ಲಿಸಿದ ಮ್ಯಾಲ ಎಲ್ಲಾ ಕಡೆ ಕಬ್ಬು ಬಂತು. ಆಚೆ ಕಬ್ಬು, ಈಚೆ ಕಬ್ಬು, ನಡುವ ದಾರಿ. ಒಂದು ಕುರಿ ಬಾಯಿ ಹಾಕಿದರ ಜಗಳ. ಅವನ ಕಣ್ಣು ಒಂದು ಕಡೆ ನಿಲ್ಲಲಿಲ್ಲ. ಮಲಗಿದರೂ ಕಾಲು ಅಲುಗಾಡತಿದ್ದವು.

ಅವನ ಅಣ್ಣ ಕರೆಪ್ಪ ಲಕ್ವಾ ಹೊಡೆದು ಸತ್ತ. ಕುರಿ ದೊಡ್ಡಿಯಾಗ ಬಿದ್ದ, ಬಾಯಿ ಸೊಟ್ಟಾತು, ಮಾತು ಹೋತು. ಬಿ.ಪಿ. ಇತ್ತು, ಯಾರೂ ನೋಡಿಸಿಲ್ಲ ಅಂತ ಜಮಖಂಡಿ ದವಾಖಾನ್ಯಾಗ ಅಂದರು. ಅವತ್ತಿನಿಂದ ನನಗ ಒಂದೇ ಅಂಜಿಕಿ. ತಮ್ಮಂದೂ ಅದೇ ರಕ್ತ, ಅದೇ ಸಿಟ್ಟು.

ಆ ವರ್ಷ ಊರಿಗೆ ಜೀಪು ಬಂತು. ಬಿ.ಪಿ. ಬ್ಯಾನಿಗಂತ ಡಾಕ್ಟರರು ಕೂಡಿ ಇಡೀ ದೇಶಕ್ಕ ಒಂದು ಸಂಘ ಮಾಡ್ಯಾರಂತ. ಜಮಖಂಡಿಯ ಡಾಕ್ಟರ ಪ್ರತಿಮಾ ಬಾಯಾರು ಅದರಾಗ ಇದ್ದರು. ಅಮಾಸಿಗೆ ಬೀರೇಶ್ವರ ಗುಡಿಗೆ ಮಂದಿ ಬರ್ತಾರ, ಅದಕ್ಕ ಪ್ರತಿ ಅಮಾಸಿ ಗುಡಿ ಪೌಳಿಯಾಗ, ಗ್ವಾಡಿ ಒಳಗ, ಮೇಜು ಕುರ್ಚಿ ಹಾಕಿದರು. ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ ನೋಡೂದು. ಗುಳಿಗಿ ಪುಕ್ಕಟ.

ನಾನೇ ಎಳಕೊಂಡು ಹೋದೆ. ಕುರಿ ಗುಡಿ ಹಿಂದ ಬಿಟ್ಟು ಬಂದ.

"ಕುಂದ್ರಿ ಯಜಮಾನ್ರ. ಬೆನ್ನು ಹಚ್ರಿ, ಕಾಲು ನೆಲಕ್ಕ ಊರ್ರಿ. ಐದು ಮಿನಿಟು ಮಾತಾಡಬ್ಯಾಡ್ರಿ. ಆಮ್ಯಾಲ ನೋಡ್ತೇನಿ" ಅಂದರು ಬಾಯಾರು.

"ಐದು ಮಿನಿಟು ಯಾಕ್ರಿ? ಕೈ ಇಲ್ಲೇ ಐತಿ, ಕಟ್ರಿ."

"ನಡದು ಬಂದೀರಿ. ಈಗ ನೋಡಿದ್ರ ಸುಳ್ಳು ತೋರಸ್ತೈತಿ. ನಮ್ಮ ಸಂಘದ್ದು ಕಾಯ್ದೆ. ದಿಲ್ಲಿಯಾಗೂ ಹಿಂಗ, ಇಲ್ಲೂ ಹಿಂಗ."

"ದಿಲ್ಲಿಯವರಿಗೆ ಕುರಿ ಇಲ್ಲ ಬಿಡ್ರಿ."

ಮಂದಿ ನಕ್ಕರು. ಅಂವ ಕುರ್ಚಿ ಮ್ಯಾಲ ಕಾಲು ಮಡಚಿ ಕುಂತ. ಕಾಲು ಇಳಸ್ರಿ ಅಂದರು. ಇಳಿಸಿದ. ಹಿಮ್ಮಡ ಕುಣಿಯಾಕತ್ತಿತು. ಹೊರಗ ಒಂದು ಮರಿ ಒದರಿತು. ಕೋಲು ತಗೊಂಡು ಎದ್ದು ಹೋದ.

ಮಗ್ಗಲ ಮನಿ ಮರೆವ್ವ ಸಾಲಿನಾಗ ನಿಂತಿದ್ದಳು. "ಕೆಂಪವ್ವ, ನಿನ್ನ ಗಂಡನ್ನ ಕುರ್ಚಿಗೆ ಹಗ್ಗ ಹಾಕಿ ಕಟ್ಟವಾ."

"ಕಟ್ಟಿದ್ರ ಕುರ್ಚಿನೂ ತಗೊಂಡ ಹೋಗ್ತಾನ" ಅಂದೆ. ಹಂಗ ಅಂದೆ ಖರೆ, ಮನಿಗೆ ಬಂದು ಅಳಾಕತ್ತಿದೆ. ನೋಡಿಸಲಿಲ್ಲಲ್ಲ ಅಂತ.

ಮುಂದಿನ ಅಮಾಸಿಗೆ ಅವನ ಕೋಲು ಕಸಗೊಂಡೆ. "ನೀ ಹೋಗು. ಕುರಿ ನಾ ನೋಡ್ತೇನಿ."

"ನಿನ್ನ ಮಾತು ಅವು ಕೇಳ್ತಾವೇನ ಲೇ?"

"ನೀ ಕೇಳೂದಿಲ್ಲ. ಅವಾದರೂ ಕೇಳ್ಯಾವು."

ಅವೂ ಕೇಳಲಿಲ್ಲ. ಟಗರು ನಡದದ್ದೇ ತಡ, ಎಲ್ಲಾ ಅದರ ಹಿಂದ ಗಿರಮಲ್ಲಪ್ಪನ ಕಬ್ಬಿನಾಗ ಹೊಕ್ಕವು. ನಾ ಕೂಗಲಿಲ್ಲ. ಕೂಗಿದರ ಎದ್ದು ಬರ್ತಾನ ಅಂತ ಬಾಯಿ ಮುಚ್ಚಿಕೊಂಡೇ ಓಡಿದೆ. ಆದರ ಟಗರಿನ ಕೊರಳ ಗಂಟಿ ಅವನಿಗೆ ಕೇಳಿತು. ಬಂದೇ ಬಂದ. ತೋಳಿಗೆ ಪಟ್ಟಿ ಹಂಗೇ ಇತ್ತು, ರಬ್ಬರ ನಳಿ ಜೋತಾಡತಿತ್ತು. ಅವನ ಹಿಂದ ಬಾಯಾರು, ಸೀರಿ ಎತ್ತಿ ಹಿಡಕೊಂಡು. "ಯಜಮಾನ್ರ, ನನ್ನ ಪಟ್ಟಿ ಕೊಡ್ರಿ."

ಕುರಿ ಹೊರಗ ಬಂದ ಮ್ಯಾಲ ಬಾಯಾರು ಬದುವಿನ ಮ್ಯಾಲ ಕುಂತು ದಮ್ಮು ತಗೊಂಡರು. ಸಿಟ್ಟು ಮಾಡಲಿಲ್ಲ. "ಪೌಳಿಯಾಗ ಕುಂತಾಗ ನಿಮ್ಮ ಮುಂದ ಏನಿತ್ತು?" ಅಂತ ಕೇಳಿದರು.

"ಗ್ವಾಡಿ ಇತ್ತರಿ."

"ಮತ್ತ?"

"ಗ್ವಾಡಿ ಆಚೆ ಕುರಿ ಏನ ಮಾಡಾಕತ್ತಾವೋ ಅಂತ ಜೀವ ಹಾರತೈತ್ರಿ. ಅದ ಬಿ.ಪಿ. ಇರಬೇಕು ನೋಡ್ರಿ."

ಬಾಯಾರು ನಗಲಿಲ್ಲ.

ಮೂರನೇ ಅಮಾಸಿಗೆ ಅವರೇ ಕುರ್ಚಿ ಎತ್ತಿ ತಂದು ಗುಡಿ ಹಿಂದ ಬೇವಿನ ಗಿಡದ ಬುಡಕ ಹಾಕಿದರು, ಕುರಿ ಕಡೆ ಮುಖ ಮಾಡಿ. ಅಂವ ಕುಂತ. ನಾ ಕುರಿ ನಡುವ ನಿಂತು ಅವನ್ನ ನೋಡಿದೆ. ಮೊದಲು ಕಾಲು ಕುಣಿದವು. ಆಮ್ಯಾಲ ನಿಂತವು. ಕೈ ತೊಡಿ ಮ್ಯಾಲ ಬಿತ್ತು. ನನ್ನ ಗಂಡ ಅಷ್ಟು ಸುಮ್ಮನ ಇದ್ದದ್ದು ನಾ ನೋಡಿರಲಿಲ್ಲ.

ಐದು ಮಿನಿಟು ಕುಂತ ಮ್ಯಾಲ ನೋಡಿದರೂ ಬಿ.ಪಿ. ಭಾಳ ಇತ್ತು. ಬಾಯಾರು ನನ್ನನ್ನೂ ಕರೆದು ಹೇಳಿದರು. ಗುಳಿಗಿ ದಿನಾ ತಗೋಬೇಕು, ತಲಿ ಛಲೋ ಅನಿಸಿದರೂ ತಗೋಬೇಕು. ತಮ್ಮ ಕೈಲೆ ಅವನ ಅಂಗೈಗೆ ಹಾಕಿದರು.

ತಗೊಂಡ. ಖರೆನ ತಗೊಂಡ. ಮುಂದ ಅಮಾಸಿ ಬಂತಂದ್ರ ತಾನೇ ಹೋಗಿ ಬೇವಿನ ಬುಡಕ ಕಸ ಹೊಡೀತಿದ್ದ. ಬಿ.ಪಿ. ಇಳೀತು. ಅಣ್ಣ ಸತ್ತ ವಯಸ್ಸು ದಾಟಿದ. ಒಮ್ಮೆ ಸಂಘದ ದೊಡ್ಡ ಸಭಾ ಎಲ್ಲೋ ದೂರದ ಊರಾಗ ಆತು. ಬಾಯಾರು ಅಲ್ಲಿ ಅವನ ಫೋಟೋ ತೋರಿಸಿದರಂತ, ಕುರ್ಚಿ ಮ್ಯಾಲ ಅಂವ, ಮುಂದ ಕುರಿ. ದೊಡ್ಡ ದೊಡ್ಡ ಡಾಕ್ಟರರು ಚಪ್ಪಾಳಿ ಹೊಡದರಂತ. ಫೋಟೋ ತಂದು ಕೊಟ್ಟರು. ಅಂವ ಭಾಳ ಹೊತ್ತು ನೋಡಿ, "ನನ್ನ ಟಗರು ಅರ್ಧನ ಬಂದೈತಲ್ರಿ" ಅಂದ.

ಆ ಮಳಿಗಾಲ ಹೊಳಿ ಬಂತು. ನೀರು ಊರ ಅಂಚಿಗೆ ಮುಟ್ಟಿತು. ನಾವು ಕುರಿ ಹೊಡಕೊಂಡು ಬೀಳಗಿ ಕಡೆ ಗುಡ್ಡಕ್ಕ ಹೋದೆವು. ಅಲ್ಲಿ ಗುಳಿಗಿ ತೀರಿದವು.

"ಬೀಳಗಿ ಅಂಗಡ್ಯಾಗ ಸಿಗತಾವ. ಬಾಯಾರು ಬರದ ಹಾಳಿ ತೋರಿಸಿ ತಗೊಂಡ ಬಾ" ಅಂದೆ.

"ಅಂಗಡ್ಯಾಂವನ ಕೈಗುಣ ಯಾರಿಗೆ ಗೊತ್ತು? ಬಾಯಾರ ಕೈಗುಣ ನನಗ ಹತ್ತೈತಿ. ಅಮಾಸಿಗೆ ಹೋಗಿ ಅವರ ಕೈಲೆನ ತಗೋತೇನಿ."

ಜಗಳ ಮಾಡಿದೆ. ತಲಿ ಹಗೂರ ಐತಿ, ಸುಮ್ಮನಿರು ಬೇ ಅಂದ. ಅಮಾಸಿ ಬಂತು. ನೀರು ಇಳಿದಿರಲಿಲ್ಲ, ದಾರಿ ಬಂದ್ ಆಗಿತ್ತು. ಜೀಪೂ ಬರೂಹಂಗಿಲ್ಲ, ನಾವೂ ಹೋಗೂಹಂಗಿಲ್ಲ. ಮುಂದಿನ ಅಮಾಸಿ ಐತಲ್ಲ ಅಂದ. ಅದರ ಮೊದಲ ಒಂದು ಮುಂಜಾನಿ ಕೋಲು ಊರಿ ನಿಂತಿದ್ದ. ಕೋಲು ಬಿತ್ತು, ಅಂವನೂ ಬಿದ್ದ. ಅಣ್ಣನ ಗತೆ ಬಾಯಿ ಸೊಟ್ಟಾತು. ಬಾಗಲಕೋಟಿ ಮುಟ್ಟುವುದರಾಗ ಹೋದ.

ಗುಳಿಗಿ ಯಾರ ಕೈಯಿಂದ ತಗೊಂಡರೂ ಅದೇ ಗುಳಿಗಿ, ಕೈಗುಣ ಅಂತ ಇಲ್ಲ ಅಂದರು ಬಾಯಾರು. ಆಮ್ಯಾಲ ಅಂದರು. ನನ್ನ ಮನಿಗೆ ಬಂದು, ನೆಲದ ಮ್ಯಾಲ ಕುಂತು.

ಕುರಿ ಮಾರು ಅಂದರು ಮಂದಿ. ಮಾರಲಿಲ್ಲ. ಮನಿಯಾಗ ಅವನ ಕಂಬಳಿ ಗೂಟಕ್ಕ ಐತಿ, ಅದರ ಮುಂದ ನನಗ ಕುಂದ್ರಾಕ ಆಗೂದಿಲ್ಲ. ಕುರಿ ಹಿಂದ ತಿರುಗತೇನಿ. ರೊಟ್ಟಿ ನಿಂತು ತಿಂತೇನಿ.

ಮೊನ್ನಿ ಅಮಾಸಿಗೆ ಬಾಯಾರು ನನ್ನ ಕೈ ಹಿಡಿದರು. "ಕೆಂಪವ್ವ, ಇವತ್ತ ನಿಂದು ನೋಡೂನು." ಬೇವಿನ ಬುಡಕ ಕುರ್ಚಿ ಹಾಕಿದ್ದರು, ಕುರಿ ಕಡೆ ಮುಖ ಮಾಡಿ. ಮರೆವ್ವ ಕೋಲು ತಗೊಂಡು ಕುರಿ ನಡುವ ನಿಂತಳು. ನಾ ಕುಂತೆ. ಕುರಿ ಮೇಯತಿದ್ದವು. ಟಗರಿನ ಗಂಟಿ ಕೇಳತಿತ್ತು. ಒಂದು ಕಾಲೆತ್ತಿ ನಿಂತವರು ಅಲ್ಲಿ ಯಾರೂ ಇರಲಿಲ್ಲ.

ಎದ್ದೆ. ಬಾಯಾರು ಕುಂದ್ರಿಸಿದರು. ಮತ್ತ ಎದ್ದೆ.

"ಕುರ್ಚಿ ಗುಡಿ ಗ್ವಾಡಿ ಕಡೆ ತಿರುಗಸ್ರಿ ಬಾಯಾರ."

"ಕುರಿ ಕಾಣೂದಿಲ್ಲಲ್ಲ?"

"ಕಾಣೂದು ಬ್ಯಾಡ್ರಿ."

ತಿರುಗಿಸಿದರು. ಸುಣ್ಣ ಹಚ್ಚಿದ ಗ್ವಾಡಿ. ಬೆನ್ನು ಹಚ್ಚಿ ಕುಂತೆ, ಕಾಲು ನೆಲಕ್ಕ ಊರಿದೆ. ಬೆನ್ನ ಹಿಂದ ಗಂಟಿ ಕೇಳತಿತ್ತು. ಕಾಲು ಇನ್ನೂ ಕುಣಿಯಾಕತ್ತಿದ್ದವು. ಬಾಯಾರು ಪಟ್ಟಿ ಕೈಯಾಗ ಹಿಡಕೊಂಡು ಕಾದರು.