ಹಸಿರು ಹಲ್ಲಿನ ಸೆರಗು

ದ್ರಾಕ್ಷಾಯಣಕ್ಕನನ್ನು ನಾನು ಮೊದಲ ಸಲ ಹಿಡಿದದ್ದು ಕಳ್ಳಿ ಎಂದು. ಅದೂ ನವರಾತ್ರಿಯ ಸೋಮವಾರ, ಕಾಲಕಾಲೇಶ್ವರನ ಮೆಟ್ಟಿಲ ಮೇಲೆ, ಊರ ಮಂದಿಯೆಲ್ಲ ನೋಡುತ್ತಿರುವಾಗ.

ಗಜೇಂದ್ರಗಡದ ಒಂದು ಚಪ್ಪಲಿ ಅಂಗಡಿಯಲ್ಲಿ ಆಗಷ್ಟೇ ಪಗಾರಕ್ಕೆ ಸೇರಿದ್ದೆ. ದಿನವಿಡೀ ಜನರ ಪಾದ ನೋಡಿ ನೋಡಿ, ರಜೆಯ ದಿನವೂ ಕಣ್ಣು ನೆಲ ಬಿಟ್ಟು ಏಳುತ್ತಿರಲಿಲ್ಲ. ಗುಡಿಯ ಮೆಟ್ಟಿಲ ಮೇಲೆ ಎಲ್ಲರೂ ಬರಿಗಾಲು. ನನ್ನಂಥವನಿಗೆ ನೋಡಲು ಅಲ್ಲಿ ಏನೂ ಇಲ್ಲ. ಹಾಗಾಗಿ ಅಪರೂಪಕ್ಕೆ ಕತ್ತೆತ್ತಿದೆ. ಮುಂದೆ ಐವತ್ತು ದಾಟಿದ ಒಬ್ಬ ಹೆಂಗಸು, ತನಗಿಂತ ಮುಂದೆ ಹತ್ತುತ್ತಿದ್ದ ಇನ್ನೊಬ್ಬರ ಸೆರಗಿನ ತುದಿಯನ್ನು ಸದ್ದಿಲ್ಲದೆ ಎತ್ತಿ, ತಿರುವಿ, ಬೆರಳಾಡಿಸುತ್ತಿದ್ದರು. ಸೆರಗಿನ ದುಡ್ಡಿನ ಗಂಟು ಬಿಚ್ಚುತ್ತಿದ್ದಾರೆ ಎಂದುಕೊಂಡೆ. ಹತ್ತನೆಯ ಇಯತ್ತೆಯಲ್ಲಿ ಪೊಲೀಸ್ ಆಗಬೇಕೆಂದಿದ್ದ ಆಸೆ ಒಮ್ಮೆಲೇ ಎದ್ದು ಬಂತು. ಎರಡು ಮೆಟ್ಟಿಲು ಹಾರಿ ಅವರ ಮುಂಗೈ ಹಿಡಿದೆ. ಕೆಳಗಿದ್ದ ಹೋಮ್‌ಗಾರ್ಡ್‌ಗೂ ಕೂಗಿದೆ.

ಅಕ್ಕ ಬೆಚ್ಚಲಿಲ್ಲ. "ತಡಿಯೋ ತಮ್ಮಾ, ಬೆಳಕಿಗೆ ಅಡ್ಡ ನಿಂತೀ" ಎಂದರು. ಸೆರಗನ್ನು ಇನ್ನೊಮ್ಮೆ ನೋಡಿ "ಇದಲ್ಲ" ಎಂದು ಬಿಟ್ಟುಕೊಟ್ಟರು. ಸೆರಗಿನ ಒಡತಿ ತಿರುಗಿ ನಕ್ಕರು. "ಬಿಡ್ರಿ ತಮ್ಮಾರ, ಹೋದ ವರ್ಷನೂ ನಂದ ಹಿಡದಿದ್ರು." ಹೋಮ್‌ಗಾರ್ಡ್ ಮೇಲೆ ಬಂದವನೇ "ಏನಕ್ಕಾ, ಈ ವರ್ಷನರ ಸಿಕ್ತೇನು?" ಎಂದು ಕೇಳಿದ. ಆ ಗುಡ್ಡದ ಮೇಲೆ ಅಕ್ಕನನ್ನು ಅರಿಯದವನು ನಾನೊಬ್ಬನೇ.

ಸಂಜೆ ಹೊಸ ಬಾಡಿಗೆ ಖೋಲಿಗೆ ಮರಳಿದರೆ, ಮಧ್ಯದ ಗೋಡೆಯ ಆಚೆ ಮನೆಯ ಒಡತಿ ಅವರೇ. ಗೋಡೆಯ ಮೇಲಿಂದ ಧ್ವನಿ ಬಂತು: "ಹೊಳೆಆಲೂರ ಅಯ್ಯಪ್ಪ ಅಂದ್ರ ನೀನೇನು? ಕಳ್ಳಿ ಮನಿಗೆ ಬಾಡಿಗಿ ಬಂದೀ. ಟ್ರಂಕಿಗೆ ಕೀಲಿ ಹಾಕ್ಕೊಂಡ ಮಲಗಪ್ಪಾ."

ಆ ಸೆರಗಿನ ಕಥೆ ನನಗೆ ತಿಳಿದದ್ದು ಅವರ ಮಗ್ಗದ ಮುಂದೆ ಕುಳಿತು ಚಹಾ ಕುಡಿಯತೊಡಗಿದ ಮೇಲೆ. ಅದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಾರೆ. ಅಂದರೆ ಪಾದ ಕಾಣುವುದಿಲ್ಲ. ನಾನು ಮುಖ ನೋಡಿ ಮಾತಾಡಲು ಕಲಿತದ್ದು ಅಲ್ಲಿಯೇ.

ರಾಜೂರಿನಿಂದ ಸೊಸೆಯಾಗಿ ಬಂದ ಹೊಸತರಲ್ಲಿ ದ್ರಾಕ್ಷಾಯಣಕ್ಕನಿಗೆ ಸೀರೆಯ ಮೈ ನೇಯಲು ಮಾತ್ರ ಅಪ್ಪಣೆ ಇತ್ತು. ಸೆರಗು ಬಂತೆಂದರೆ ಅತ್ತೆ "ಏಳು" ಎನ್ನುತ್ತಿದ್ದರು. ಕೆಂಪು ಸೆರಗಿನ ಮೇಲೆ ಹಣಿಗೆಯ ಹಲ್ಲಿನಂತೆ ಬಿಳಿ ಸಾಲು ಬರಬೇಕು. ಅದು ಅತ್ತೆಯ ಕೈಗೆ ಮಾತ್ರ ಒಲಿದದ್ದು ಎಂದು ಅತ್ತೆಯೇ ಹೇಳುತ್ತಿದ್ದರು. ಒಂದು ವರ್ಷ ಖಂಡೆ ನವಮಿಯ ಮುಂಚೆ ಅತ್ತೆಗೆ ಜ್ವರ. ಮಗ್ಗದಲ್ಲಿ ಸೆರಗು ಅರ್ಧ. ನವಮಿಯಂದು ಮಗ್ಗಕ್ಕೆ ಪೂಜೆ, ಅರ್ಧ ಸೆರಗು ಇಟ್ಟುಕೊಂಡು ಪೂಜೆ ಮಾಡುವುದು ಆ ಮನೆಯಲ್ಲಿ ಇಲ್ಲ. ಸೊಸೆ ಕುಣಿಗೆ ಇಳಿದಳು. ಕೊನೆಯ ಹಲ್ಲಿಗೆ ಬರುವಷ್ಟರಲ್ಲಿ ಬಿಳಿ ರೇಷ್ಮೆ ಮುಗಿಯಿತು. ಹಬ್ಬದ ದಿನ ನೂಲಿನ ಅಂಗಡಿಯೂ ಇಲ್ಲ. ಅಂಚಿನ ದಡಿಗೆ ಬಳಸಿ ಉಳಿದಿದ್ದ ಹಸಿರನ್ನು ಹಾಕಿ ಹಲ್ಲು ಮುಗಿಸಿಬಿಟ್ಟಳು.

ಅತ್ತೆ ಜ್ವರದಲ್ಲೇ ಎದ್ದು ಬಂದು ನೋಡಿ ಹೇಳಿದರು: "ಈ ಸೀರಿ ಯಾರ ಮೈಮ್ಯಾಲೂ ಏರೂದಿಲ್ಲ."

"ಏರತೈತಿ" ಎಂದಳು ಸೊಸೆ.

ಅಷ್ಟರಲ್ಲಿ ಸೀರೆ ಕೊಳ್ಳುವ ಸಾವಕಾರನ ಆಳು ಬಂದು ಬೇರೆ ಸೀರೆಗಳ ಜೊತೆ ಅದನ್ನೂ ಮಡಚಿ ಒಯ್ದ. ಸೀರೆ ಹೋಯಿತು, ವಾದ ಮನೆಯಲ್ಲೇ ಉಳಿಯಿತು. ಇಂದಿಗೂ ಅತ್ತೆ ಊಟಕ್ಕೆ ಕುಳಿತಾಗ "ಏರಿತೇನ?" ಎನ್ನುತ್ತಾರೆ; ಸೊಸೆ ರೊಟ್ಟಿ ಬಡಿಸುತ್ತ "ಏರಿರತೈತಿ" ಎನ್ನುತ್ತಾರೆ. ಅಕ್ಕನ ಗಂಡ ಮುದಿಯಪ್ಪ ಕಾಕಾ ಯಾರ ಪರವೂ ಅಲ್ಲ. ವಾದ ಶುರುವಾಯಿತೆಂದರೆ ಮಗ್ಗಕ್ಕೆ ಇಳಿದು ಸಪ್ಪಳ ಜೋರು ಮಾಡುತ್ತಾರೆ. ಆ ಮನೆಯಲ್ಲಿ ಅತಿ ಹೆಚ್ಚು ನೇಯ್ಗೆ ಆಗುವುದು ಅತ್ತೆ ಸೊಸೆ ಮಾತಾಡುವಾಗ.

ಹೀಗಾಗಿ ನವರಾತ್ರಿಯಿಂದ ದೀಪಾವಳಿಯವರೆಗೆ ಅಕ್ಕನಿಗೆ ತಿರುಗಾಟದ ಕಾಲ. ಮಳೆ ನಿಂತಿರುತ್ತದೆ, ಹಾದಿ ಒಣಗಿರುತ್ತದೆ, ಹೆಂಗಸರು ಟ್ರಂಕು ತೆರೆದು ಹಳೆಯ ಸೀರೆ ಹೊರಗೆ ತೆಗೆಯುತ್ತಾರೆ. ಮುಂಜಾನೆ ಹೊರಟು ಸಂಜೆಗೆ ಮರಳುವಷ್ಟು ದೂರ ಎಲ್ಲಿ ಮಂದಿ ಸೇರಿದರೂ ಅಕ್ಕ ಅಲ್ಲಿ. ನರಗುಂದದ ಗುಡ್ಡ, ನರೇಗಲ್ಲಿನ ಸಂತೆ, ನಮ್ಮೂರು ಹೊಳೆಆಲೂರಿನ ಸ್ಟೇಶನ್ನಿನ ಪ್ಲಾಟ್‌ಫಾರ್ಮು ಕೂಡ ಬಿಟ್ಟಿಲ್ಲ. ಬಾದಾಮಿಯ ಗುಹೆಗಳನ್ನು ಎಷ್ಟೋ ಸಲ ಹತ್ತಿ ಇಳಿದಿದ್ದಾರೆ. ಏನು ನೋಡಿದಿರಿ ಎಂದು ಕೇಳಿದರೆ "ಗುಳೇದಗುಡ್ಡದಾಕಿ ಒಬ್ಬಾಕಿ ಭಾಳ ಚಲೋ ದಡಿ ಉಟ್ಟಿದ್ಲು" ಎನ್ನುತ್ತಾರೆ.

ಮೆಟ್ಟಿಲ ಮೇಲೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಜೊತೆಗೆ ಹೋಗುವುದು ನನ್ನ ಪಾಲಿಗೆ ಬಂತು. ಅಕ್ಕ ಸೆರಗು ಹಿಡಿಯುವ ಮೊದಲೇ ಆ ಹೆಂಗಸರ ಬಳಿ ಹೋಗಿ ಕೈ ಮುಗಿದು "ತಪ್ಪ ತಿಳೀಬ್ಯಾಡ್ರಿ" ಎನ್ನುವುದು ನನ್ನ ಕೆಲಸ. ನಾನು ಹೀಗೆ ಅಂದ ಮೇಲೆಯೇ ಅವರು ತಪ್ಪು ತಿಳಿಯುತ್ತಿದ್ದರು ಎಂಬುದು ಬೇರೆ ಮಾತು. ನಮ್ಮ ಖಾಯಂ ಗಾಡಿ ತನ್ವೀರನ ಟಂಟಂ. ಅವನಿಗೆ ಸುಮ್ಮನಿರಲು ಬಾರದು.

"ಅಕ್ಕಾರ, ಪೇಪರಿಗರ ಹಾಕಸ್ರಿ, ಸೀರಿ ಕಳದೈತಿ ಅಂತ."

"ಕಳದಿಲ್ಲೋ ಖೋಡಿ, ಮಾರೀನಿ."

ಹೀಗೆ ಕೆಲವು ವರ್ಷ ತಿರುಗಿದ ಮೇಲೆ, ಈ ವರ್ಷ ವಾದದ ಮಟ್ಟ ಏರಿತು. ಅತ್ತೆಗೆ ಕಣ್ಣು ಮಂಜಾಗಿದೆ, ಹೊರಸು ಬಿಟ್ಟು ಏಳುವುದು ಕಡಿಮೆ. ಬನ್ನಿ ಕೊಡಲು ಹೋದ ಸೊಸೆಯ ಕೈ ಹಿಡಿದು, "ನಾ ಇರೂದ್ರೊಳಗ ಸಿಗಲಿಲ್ಲಂದ್ರ ನಾನ ಗೆದ್ದಂಗ, ತಿಳಿತೇನ?" ಎಂದರಂತೆ. ಅಕ್ಕ ಅಂದಿನಿಂದ ನಗುವುದು ಕಡಿಮೆ ಮಾಡಿದರು. ಸೀಗಿ ಹುಣ್ಣಿಮೆಗೆ ಸೂಡಿಗೆ ಹೋಗೋಣ ಎಂದರು. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಂದ ಮಂದಿ, ಊರೂರಿಂದ ಹಳೆಯ ಗುಡಿ ನೋಡಲು ಬಂದ ಮಂದಿ, ಎಲ್ಲರೂ ಅಲ್ಲಿ ಬುತ್ತಿ ಬಿಚ್ಚುತ್ತಾರೆ. ನನಗೆ ಹೊಟ್ಟೆನೋವು ಎಂದು ಅಂಗಡಿಯ ಮಾಲೀಕರಿಗೆ ಹೇಳಿ ನಾನೂ ಹೊರಟೆ. ಕಟ್ಟಿಕೊಂಡ ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಹೊಟ್ಟೆನೋವು ಸುಳ್ಳಾಗುವ ಸಂಭವ ಕಡಿಮೆಯಿತ್ತು.

ದಾರಿಯುದ್ದಕ್ಕೂ ಅರ್ಧ ರಸ್ತೆಗೆ ಗೋವಿನಜೋಳ ಹರವಿದ್ದರು. ತನ್ವೀರ ಉಳಿದರ್ಧದಲ್ಲಿ ಟಂಟಂ ಹೊಡೆದ. ಸೂಡಿಯ ನಾಗಕುಂಡ ಎಂಬ ಕಲ್ಲಿನ ಬಾವಿಯ ಹತ್ತಿರ ಬೇವಿನ ನೆರಳಲ್ಲಿ ನರಗುಂದದ ಒಂದು ಕುಟುಂಬ ಹಳೆಯ ಬಟ್ಟೆ ಸೇರಿಸಿ ಹೊಲಿದ ಕೌದಿ ಹಾಸಿ ಊಟಕ್ಕೆ ಕುಳಿತಿತ್ತು. ನಡುವೆ ಅಜ್ಜಿ ಭಾಗೀರಥಿಬಾಯಿ, ಪಕ್ಕದಲ್ಲಿ ಮೊಮ್ಮಗಳು ಅನಘಾ, ಸುತ್ತ ಉಳಿದವರು. ಅಕ್ಕ ಎಂದಿನಂತೆ ಹಿಂದಿನಿಂದ ಹೋಗಿ ಅಜ್ಜಿಯ ಸೆರಗು ನೋಡಿ ತಲೆ ಅಲ್ಲಾಡಿಸಿದರು. ಅಲ್ಲ.

ನಾನು ಎಂದಿನಂತೆ ಅವರು ಬಿಟ್ಟ ಚಪ್ಪಲಿ ನೋಡುತ್ತಿದ್ದೆ. ಕೌದಿಯ ಅಂಚಿಗೆ ಒಂದು ಎಡಗಾಲಿನದು, ಏಳು ನಂಬರು, ಹಿಮ್ಮಡಿ ಸವೆದದ್ದು. ಅದರ ಕೆಳಗಿಂದ ಕೆಂಪು ಬಟ್ಟೆ ಇಣುಕಿತ್ತು. ಕೆಂಪಿನ ಮೇಲೆ ಬಿಳಿ ಹಲ್ಲಿನ ಸಾಲು. ಸಾಲಿನ ಕೊನೆಗೆ ಒಂದು ಹಸಿರು.

ಹೇಳದೆ ಇದ್ದುಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಆಮೇಲೆ "ಅಕ್ಕಾ, ಕೆಳಗ ನೋಡ್ರಿ" ಎಂದೆ.

ಅಕ್ಕ ಕುಕ್ಕರಗಾಲಲ್ಲಿ ಕುಳಿತು ಚಪ್ಪಲಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಅನಘಾ ಗಾಬರಿಯಾಗಿ "ಅಜ್ಜಿ, ಚಪ್ಪಲ್" ಎಂದಳು.

"ಇವರು ಕಳ್ಳಿ ಅಲ್ಲರಿ" ಎಂದೆ. ಆ ವಿಷಯದಲ್ಲಿ ನನಗೆ ಅನುಭವವಿತ್ತು.

ಅಕ್ಕ ಹೆಬ್ಬೆರಳಿನಿಂದ ಹಲ್ಲುಗಳನ್ನು ಒಂದೊಂದಾಗಿ ಸವರಿ ಹಸಿರಿನ ಮೇಲೆ ನಿಲ್ಲಿಸಿದರು. "ಇದು ನಾ ನೇದ ಸೀರಿರಿ."

ಭಾಗೀರಥಿಬಾಯಿಯವರ ಕೈಯಲ್ಲಿ ಮೊಸರನ್ನದ ತುತ್ತು ಹಾಗೇ ನಿಂತಿತು. "ಅಯ್ಯ, ಹೌದೇನ್ರೀ? ನಮ್ಮ ಮಗ ಸುಶ್ರುತನ ಮುಂಜಿವಿಯೊಳಗ ಯಾರೋ ಆಹೇರಿ ಅಂತ ಕೊಟ್ಟಿದ್ರು."

"ಉಟ್ಟಿದ್ರೇನ್ರಿ?"

ನಾನು ಬಾವಿಯ ಕೆತ್ತನೆ ನೋಡತೊಡಗಿದೆ. ಜೀವನದಲ್ಲಿ ಮೊದಲ ಸಲ ಅಷ್ಟು ಶ್ರದ್ಧೆಯಿಂದ.

"ಸುಳ್ಳ್ಯಾಕ ಹೇಳಲಿ? ಒಮ್ಮೆನೂ ಉಡಲಿಲ್ಲ" ಎಂದರು ಅಜ್ಜಿ. "ಅದೊಂದು ಹಸಿರು ಅದ ಅಲ್ಲಾ, ಮಂದಿ ಏನಂದಾರು ಅಂತ ಟ್ರಂಕಿನ್ಯಾಗ ಇಟ್ಟುಬಿಟ್ಟೆ. ಇಕಿ ಹುಟ್ಟಿದಾಗ ಕೌದಿಗೆ ಹಾಕಿಸಿದೆ. ಉಳಿದ ಸೀರಿ ಎಲ್ಲಾ ಪಿಸದು ಹೋಗ್ಯಾವ, ಇದೊಂದ ಗಟ್ಟಿ ಉಳದದ. ಇಕಿ ಸಣ್ಣಾಕಿದ್ದಾಗ ಆ ಹಸಿರು ತುದಿ ಬಾಯಾಗ ಇಟ್ಕೊಂಡ ಮಲಗತಿದ್ಲು."

"ಅಜ್ಜಿ, ಸಾಕ" ಎಂದಳು ಅನಘಾ.

"ಬಣ್ಣ ಬಿಡ್ತೇನ್ರಿ?" ಅಕ್ಕನ ಪ್ರಶ್ನೆ.

"ಇಲ್ಲ ನೋಡ್ರಿ. ನೀವು ಬೇಕಾದ್ರ ಒಯ್ರಿ ಇದನ್ನ."

"ಬ್ಯಾಡ್ರಿ. ಕೂಸಿಂದ ಅದು."

ಅಜ್ಜಿ ಸರಿದು ಜಾಗ ಮಾಡಿದರು. ಅಕ್ಕ ಸೆರಗು ಇದ್ದ ಬದಿಗೇ ಕುಳಿತು, ನಮ್ಮ ಬುತ್ತಿ ಬಿಚ್ಚಿ ರೊಟ್ಟಿ ಹಂಚಿದರು. ಅನಘಾ ಹಿಂಡಿಯ ಖಾರಕ್ಕೆ ಕಣ್ಣೀರು ಹಾಕಿದಳು. ಅಕ್ಕ ಹಾಕಲಿಲ್ಲ.

ಮರಳಿ ಬರುವಾಗ ಟಂಟಂನಲ್ಲಿ ನಾನು ವಕೀಲಿಕೆ ಶುರು ಮಾಡಿದೆ. "ಅಕ್ಕಾ, ಉಟ್ಟಿದ್ರು ಅಂತ ಹೇಳಿಬಿಡೂಣು. ನರಗುಂದದಿಂದ ಬಂದು ಯಾರ ಹೇಳಾವ್ರು? ನಿಮ್ಮ ಅತ್ತಿಯವ್ರು ವಯಸ್ಸಾದವ್ರು, ನೀವು ಗೆದ್ರ ಅವರಿಗೇನ ಹೋಕ್ಕೈತಿ?"

"ನಾ ಸಾಕ್ಷಿ ಹೇಳ್ತೀನಿ" ಎಂದ ತನ್ವೀರ.

ಅಕ್ಕ ರಸ್ತೆಯ ಜೋಳ ನೋಡುತ್ತ ಕುಳಿತರು.

ಮನೆ ಮುಟ್ಟಿದಾಗ ಸಂಜೆ ದೀಪ ಹಚ್ಚಿದ್ದರು. ನಮ್ಮನ್ನು ಕಂಡು ಮುದಿಯಪ್ಪ ಕಾಕಾ ಮಗ್ಗ ನಿಲ್ಲಿಸಿದರು. ವಾದದ ಹೊತ್ತಿಗೆ ಅವರು ಮಗ್ಗ ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹೊರಸಿನ ಮೇಲಿಂದ ಅತ್ತೆ ಮುಖ ಈ ಕಡೆ ತಿರುಗಿಸಿದರು.

"ಸಿಕ್ತೇನ?"

"ಸಿಕ್ತು."

ಅತ್ತೆ ಮೊಣಕೈಯೂರಿ ಅರ್ಧ ಎದ್ದು ಕುಳಿತರು. "ಯಾರ ಮೈಮ್ಯಾಲಿತ್ತ?"

ನಾನು ಕೆಮ್ಮಿ ಬಾಯಿ ತೆರೆದೆ. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದರು:

"ಯಾರ ಮೈಮ್ಯಾಲೂ ಇರಲಿಲ್ಲ, ನೆಲದ ಮ್ಯಾಲಿತ್ತು. ಮನಿ ಮಂದೆಲ್ಲಾ ಅದರ ಮ್ಯಾಲ ಕುಂತ ಉಣ್ಣಾಕತ್ತಿದ್ರು, ನಾನೂ ಕುಂತ ಉಂಡ ಬಂದೆ. ಒಂದ ಎಳಿ ಬಿಟ್ಟಿಲ್ಲ."