ಹಳ್ಳ ದಾಟಿದ ಮೇಲೆ

ಬಳೆಗಾರ ಚಾಚಾರ ಹೆಬ್ಬೆರಳಿನ ಉಗುರು ಯಾವಾಗಲೂ ಎಂಜಿನ್ ಎಣ್ಣೆಯಿಂದ ಕರ್ರಗಿರುತ್ತಿತ್ತು. ಅದೇ ಬೆರಳಿನಿಂದ ಮುಂಗೈ ಹಿಸುಕಿ ಬಳೆ ತೊಡಿಸುತ್ತಿದ್ದರು. "ಕೈ ತೊಳಕೊಂಡ್ ಬರ್ರಿ ಚಾಚಾ" ಎಂದು ಸವಡಿ ಊರಿನ ಹೆಂಗಸರು ನಾವು ಗದರಿದರೆ, "ತಿಕ್ಕಿ ತಿಕ್ಕಿ ಸಾಬಾಣನ ಸೋತೈತ್ರವಾ, ನಾ ಏನ್ ಮಾಡ್ಲಿ?" ಎಂದು ನಗುತ್ತಿದ್ದರು.

ರೋಣದಿಂದ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಬರುವ ಅವರ ಹಳೆಯ ಬೈಕು ಮಳೆಗಾಲದಲ್ಲಿ ಹಳ್ಳ ದಾಟಲೇಬೇಕು. ದಾಟಿದ ಮೇಲೆ ಅವರ ಆರೈಕೆ ನೋಡಬೇಕು! ನೀರಿನಲ್ಲಿ ನಿಂತುಹೋದ ಗಾಡಿಗೆ ಕಿಕ್ ಹೊಡೆಯುವಂತಿಲ್ಲ. ಪ್ಲಗ್ ಬಿಚ್ಚಿ, ಸೈಲೆನ್ಸರಿನ ನೀರು ಬಸಿದು, ಎಂಜಿನ್ ಎಣ್ಣೆ ನೀರು ಬೆರೆತು ಹಾಲಿನ ಚಹಾದ ಬಣ್ಣಕ್ಕೆ ತಿರುಗಿದೆಯೇ ನೋಡಬೇಕು. ಆಮೇಲೆ ಬ್ರೇಕ್ ಒತ್ತುತ್ತ ಒತ್ತುತ್ತ ಸಾವಕಾಶ ಓಡಿಸಿ ಅದನ್ನು ಒಣಗಿಸಬೇಕು. ಬಳೆಗೆ ಕಾದು ಕಾದು ನಮ್ಮ ಜೀವ ಹೈರಾಣ.

"ಗಾಡಿ ನಿಮಗ ಎರಡ್ನೇ ಹೆಂಡ್ತಿ ಏನ್ರಿ?" ಎಂದು ಒಮ್ಮೆ ಕಾಡಿದೆ. ಅವತ್ತು ಅವರು ನಗಲಿಲ್ಲ.

"ನನ್ನ ತಮ್ಮ ಹಳ್ಳದಾಗ ಸಾಯ್ಲಿಲ್ಲ ಬೇಟಿ, ಹಳ್ಳ ದಾಟಿ ಸತ್ತ. ತೊಯ್ದ ಬ್ರೇಕ್ ಹಿಡೀಲಿಲ್ಲ. ನೀರು ಹಿಂದ ಉಳೀತು ಅಂತ ನಾವು ತಿಳ್ಕೋತೀವಿ, ಅದು ನಮ್ಮ ಜೋಡಿನ ಬರ್ತಿರ್ತೈತಿ."



ನನ್ನ ಮೊದಲೆರಡು ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಏಳು ತಿಂಗಳು ತುಂಬಿತೆಂದು ಮನೆಯವರು ಸೀಮಂತದ ಕುಬಸ ಇಟ್ಟುಕೊಂಡರು. ಅವತ್ತು ಮುಂಜಾನೆಯಿಂದಲೇ ಮುಗಿಲು ಕಪ್ಪಿಟ್ಟಿತ್ತು. ಚಾಚಾ ಹಸಿರು ಬಳೆ ತಂದು ನನ್ನ ಮುಂದೆ ಕುಳಿತರು. ಬಳೆ ಗೆಣ್ಣಿನ ಹತ್ತಿರವೇ ನಿಂತಿತು. ಮತ್ತೊಂದು ಹಿಡಿದರು. ಅದು ಟಕ್ಕೆಂದು ಒಡೆಯಿತು. ಅಪಶಕುನವೆಂದು ಆರತಿಯ ಹಾಡು ಅಲ್ಲಿಗೇ ನಿಂತಿತು.

"ಹ್ವಾದ ತಿಂಗಳ ಏರಿದ ಅಳತಿ ಬಳಿನ ಇವತ್ತ ಏರವಲ್ದು. ಕೈ ಭಾಳ ಬಾತೈತ್ರಿ. ಲಗೂ ದವಾಖಾನಿಗೆ ಒಯ್ರಿ" ಎಂದರು ಚಾಚಾ.

"ಬಸುರಿ ಕೈ ಬಾಯೋದು ಏನ್ ಹೊಸಾದ್ರಿ? ಶುಭದ ಹೊತ್ನ್ಯಾಗ ಇದೆಂಥಾ ಮಾತು!" ಎಂದು ನಮ್ಮ ಅತ್ತೆ ಸಿಡುಕಿದರು. ಉಡಿ ತುಂಬುವುದರೊಳಗೆ ನನ್ನ ತಲೆ ಸಿಡಿಯತೊಡಗಿತು, ಕಣ್ಣು ಮಂಜಾಯಿತು.

ಗಂಡ ನನ್ನನ್ನು ಟ್ರ್ಯಾಕ್ಟರಿಗೆ ಏರಿಸಿದರು. ರೋಣದ ದವಾಖಾನೆಗೆ ಫೋನು ಹತ್ತಲಿಲ್ಲ. ಸಂಜೆಯಾದರೆ ಡಾಕ್ಟರು ಮನೆಗೆ ಹೊರಟುಬಿಡುತ್ತಾರೆ. "ನಾ ಮುಂದ ಹೋಗಿ ನಿಲ್ಲಸ್ತೀನಿ" ಎಂದು ಚಾಚಾ ಬೈಕು ಹತ್ತಿದರು; ಕೆಸರಿನ ದಾರಿಯಲ್ಲಿ ಹಳ್ಳದವರೆಗೂ ನಾವು ಅವರ ಬೆನ್ನಿಗೇ ಇದ್ದೆವು. ರೋಣದ ಅಂಚಿನ ಹಳ್ಳ ಅಷ್ಟೊತ್ತಿಗೆ ಕೆಂಪಗೆ ತುಂಬಿತ್ತು. ನೀರು ಚಕ್ರದ ಅರ್ಧಕ್ಕೆ ಬಂದರೂ ಗಾಡಿ ಗೊರಗೊರ ಎನ್ನುತ್ತ ದಡ ಹತ್ತಿತು. ಇಳಿಯುತ್ತಾರೆಂದು ಕಾದೆ. ಇಳಿಯಲಿಲ್ಲ. ಬ್ರೇಕ್ ಒತ್ತಿ ಒಣಗಿಸಲಾದರೂ ಒಣಗಿಸುತ್ತಾರೆಂದು ಮಂಜಾದ ಕಣ್ಣಲ್ಲೇ ಹಿಂದಿನ ಕೆಂಪು ಬ್ರೇಕ್ ದೀಪವನ್ನು ನೋಡಿದೆ. ಅದು ಹತ್ತಲೇ ಇಲ್ಲ. "ಬ್ರೇಕ್, ಚಾಚಾ!" ಎಂದು ಚೀರಿದೆ. ಟ್ರ್ಯಾಕ್ಟರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ದವಾಖಾನೆಯ ಮುಂದೆ ನಿಂತಿದ್ದ ಲಾರಿಗೆ ಹೋಗಿ ಬಡಿದಿದ್ದರು. ಮನೆಗೆ ಹೊರಟಿದ್ದ ಡಾಕ್ಟರು ಆ ಸದ್ದಿಗೆ ಓಡಿಬಂದರಂತೆ. ಚಾಚಾ ಡಾಕ್ಟರ ತೋಳು ಹಿಡಿದು, "ನನ್ನ ಬಿಡ್ರಿ ಸಾಹೇಬ್ರ, ಹಿಂದ ಟ್ರ್ಯಾಕ್ಟರದಾಗ ಬಸುರಿ ಬರಾಕತ್ತಾಳ, ನೀವು ಮನಿಗೆ ಹೋಗಬ್ಯಾಡ್ರಿ" ಎಂದರೆಂದು ನರ್ಸಮ್ಮ ಆಮೇಲೆ ಹೇಳಿದಳು. ಬಿಪಿ ಏರಿದ್ದ ನನಗೆ ಇಂಜೆಕ್ಷನ್ ಕೊಟ್ಟು ಗದಗಿಗೆ ಸಾಗಿಸುವ ಹೊತ್ತಿಗೆ ಚಾಚಾರ ಜೀವ ಹೋಗಿತ್ತು. ದಿನ ತುಂಬದೆ ಹುಟ್ಟಿದ ನನ್ನ ಮಗಳು ಗದಗಿನ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿದಳು.

ಗಂಡ ಸತ್ತವರು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗಿರುವ ಇದ್ದತ್ ಮುಗಿಸಿ ಹೊರಬಂದ ಚಾಚಿ, ಅವರ ಹೆಂಡತಿ, ಮೊದಲು ನಮ್ಮ ಮನೆಗೇ ಬಂದರು. ಬೈಯಲಿ, ಶಪಿಸಲಿ ಎಂದು ಎದುರಿಗೆ ನಿಂತೆ. ಅವರು ತೊಟ್ಟಿಲಿನಿಂದ ಕೂಸನ್ನು ಎತ್ತಿ, ಅದರ ಎದೆಗೆ ಕಿವಿ ಹಚ್ಚಿದರು.

"ಚಲೋ ಬಡ್ಕೊಳ್ಳಾಕತ್ತೈತಿ" ಎಂದರು.

ಹಾಗೆಯೇ ಕುಳಿತೇ ಇದ್ದರು. ಹಾಲಿನ ಹೊತ್ತು ಮೀರುತ್ತಿತ್ತು. ಕೂಸನ್ನು ಮರಳಿ ಕೇಳುವ ಬಾಯಿ ನನಗಿರಲಿಲ್ಲ.