ಮೂವತ್ತಾರು ಗಂಟಿನ ಗೋಪಣ್ಣ

ಕುಂಭಾಶಿ ಗಣಪತಿಯ ಮೇಲಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಂಬುವುದು ಕಷ್ಟವಾದರೆ ಅದು ಸತ್ಯದ ತಪ್ಪು.

ಬೆಳಿಗ್ಗೆ ಆರು ಗಂಟೆ. ಹಾಲಾಡಿ ಪೇಟೆಯ ಮಾಳಿಗೆ ಕೋಣೆಯಲ್ಲಿ ಐವತ್ತೆರಡರ ಗೋಪಣ್ಣ ಕೆಂಪು ರೇಷ್ಮೆಯ ನಿಲುವಂಗಿಗೆ ಲಾಡಿ ಹೊಲಿಯುತ್ತಿದ್ದಾರೆ. ಎದುರಿನ ಬೆಂಚಿನಲ್ಲಿ ಕಟ್ಟಡದ ಯಜಮಾನ ಶಾಮರಾಯರು. ಈ ತಿಂಗಳಲ್ಲಿ ಇದು ಮೂರನೇ ತಪಾಸಣೆ. ಕಾರಿನಲ್ಲಿ ಬರುವ ಜೋಡಿಗಳು ಮುಖ ಮುಚ್ಚಿಕೊಂಡು ಯಾಕೆ ಬರುತ್ತಾರೆ, ಹೋಗುವಾಗ ಅಷ್ಟು ಖುಷಿಯಲ್ಲಿ ಯಾಕೆ ಹೋಗುತ್ತಾರೆ? ಇವತ್ತು ಉತ್ತರ ಸಿಗದಿದ್ದರೆ ಗೋಪಣ್ಣ ಕೋಣೆ ಖಾಲಿ ಮಾಡಬೇಕು.

"ಸತ್ಯ ಹೇಳ್ ಗೋಪಿ, ಇಲ್ಲೆಂತ ನಡೀತಿತ್ತ್?"

"ವೇಷದ್ ಬಟ್ಟಿ ಕೊಡುದ್ ರಾಯ್ರೆ. ಬೈಂದೂರ್ ಬದಿ ಕಡಲ್ ಹತ್ರ ದೊಡ್ಡವ್ರ ಪಾರ್ಟಿ ಆತ್ತ್. ಗಂಡ-ಹೆಂಡ್ತಿ ಒಟ್ಟಿಗೇ ಬತ್ರ್. ಬಾಯಗೆ ಹೇಳುಕೆ ನಾಚ್ಕಿ ಆದ್ದನ್ನ ಬಟ್ಟಿಯಗೆ ಹೇಳ್ತ್ರ್."

"ಎಂತ ಹೇಳುದ್?"

"ಅದ್ ಹೆಂಡ್ತಿ ಹತ್ರ ಹೇಳುದ್ ರಾಯ್ರೆ, ನನ್ ಹತ್ರ ಅಲ್ಲ."

ರಾಯರ ಹುಬ್ಬು ಇನ್ನಷ್ಟು ಗಂಟಿಕ್ಕುತ್ತದೆ.

ಗೋಪಣ್ಣ ಇಪ್ಪತ್ತೆರಡು ವರ್ಷ ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕಲಾವಿದರಿಗೆ ವೇಷ ಕಟ್ಟಿದವರು. ಮೊಣಕಾಲು ಕೈಕೊಟ್ಟ ಮೇಲೆ ಈ ಕೋಣೆ. ಈಗ ವರ್ಷಕ್ಕೆ ಎಂಬತ್ತು ಜೋಡಿ ಬರುತ್ತಾರೆ. ಬಂದವರನ್ನು ಗೋಪಣ್ಣ ಬಟ್ಟೆಗಳ ನಡುವೆ ಕಾಲು ಗಂಟೆ ಸುಮ್ಮನೆ ಬಿಡುತ್ತಾರೆ. "ಕೈ ಎರಡ್ ಸಲ ಮುಟ್ಟಿದ್ ಬಟ್ಟಿಯೇ ಅವ್ರದ್ದ್. ಬಾಯಿ ಬೇರೆ ಎಂತಾರೂ ಹೇಳ್ಲಿ."

ಮೊದಲ ಆರ್ಡರಿನಲ್ಲೇ ಎಡವಟ್ಟು. ಮೇಳದಲ್ಲಿ ಎಷ್ಟು ಕುಣಿದರೂ ವೇಷ ಬೆಳಗಿನವರೆಗೆ ಸಡಿಲಬಾರದು. ಅದೇ ಅಭ್ಯಾಸದಲ್ಲಿ ಒಬ್ಬೊಬ್ಬರಿಗೂ ಮೂವತ್ತಾರು ಗಂಟು ಬಿಗಿದು ಕಳಿಸಿದರು. ಆ ಪಾರ್ಟಿಯಲ್ಲಿ ಬಟ್ಟೆಗೆ ಅಂಥ ಕರಾರೇನೂ ಇಲ್ಲವೆಂಬುದು ಹೊಳೆಯಲೇ ಇಲ್ಲ.

ಮರುದಿನ ಬೆಳಗಾಗುತ್ತಲೇ ಫೋನು. ಪೆಟ್ಟು ಬೀಳುವುದು ಖಂಡಿತವೆಂದುಕೊಂಡು ಗೋಪಣ್ಣ ಕತ್ತರಿ ಹಿಡಿದು ಓಡಿದರು. ನೋಡಿದರೆ ಪಾರ್ಟಿ ಮನೆಯ ಜಗಲಿಯಲ್ಲಿ ಹನ್ನೊಂದು ಜೋಡಿ ಕೂತು ಒಬ್ಬರ ಗಂಟನ್ನು ಒಬ್ಬರು ಬಿಚ್ಚುತ್ತಿದ್ದಾರೆ. ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ತನ್ನ ಮೀಸೆ ಹೆಂಡತಿಗೆ ಹಿಡಿಸದೆಂದು ಹದಿನಾಲ್ಕು ವರ್ಷದ ಮೇಲೆ, ಒಂಬತ್ತನೇ ಗಂಟಿನಲ್ಲಿ ಗೊತ್ತಾಗಿದೆ. ಇಪ್ಪತ್ತನೆಯದರಲ್ಲಿ ಆಕೆ ನಕ್ಕಿದ್ದಾಳೆ.

"ಕತ್ರಿ ಒಳ್ಗ್ ಇಡಿ, ಇನ್ನೂ ಹದ್ನಾರ್ ಇತ್ತ್ ಅಂದ್ರ್ ರಾಯ್ರೆ! ಒಂದೊಂದ್ ಗಂಟಿಗೂ 'ಬಿಚ್ಲಾ?' ಅಂತ ಕೇಂತ್ರ್. ಹೂಂ ಅನ್ದಿದ್ರೆ ಕೈ ಹಾಕುದಿಲ್ಲ. ಮದ್ವಿ ಮನಿಯಗೂ ಅಷ್ಟ್ ಮರ್ಯಾದಿ ನಾ ಕಾಣ್ಲಿಲ್ಲ."

ಈಗ ಗಂಟಿಲ್ಲದ ಬಟ್ಟೆ ಯಾರೂ ಒಯ್ಯುವುದಿಲ್ಲ.

ಶಾಮರಾಯರು ನಿಲುವಂಗಿಯ ಲಾಡಿಯೊಂದನ್ನು ಎಳೆದು ನೋಡುತ್ತಾರೆ. "ಸುಳ್ಳ್ ಹೇಳ್ತಿದ್ದೆ ನೀನ್."

"ಆಣೆ ರಾಯ್ರೆ."

"ಅರ್ವತ್ತೈದ್ ಆದವ್ರಿಗೂ ಕಟ್ತ್ಯಾ?"

"ಕಟ್ದೆ ಎಂತ? ನಂಗ್ ಬೇರೆಂತ ಆಸಿಯೂ ಇಲ್ಲ, ಈ ಕೋಣಿ ಒಂದ್ ನಂಗೇ..."

ರಾಯರು ಆಗಲೇ ಮೆಟ್ಟಿಲಿನ ಅರ್ಧದಲ್ಲಿದ್ದಾರೆ. ಕೆಳಗೆ ಹಾಲಿನಂಗಡಿಯಲ್ಲಿರುವ ಹೆಂಡತಿಯನ್ನು ಕರೆಯುತ್ತಿದ್ದಾರೆ:

"ಹ್ವಾಯ್ ಗೋಮತಿ, ಅಂಗ್ಡಿ ಬಾಗ್ಲ್ ಹಾಕಿ ಒಂಚೂರ್ ಮ್ಯಾಲ್ ಬಾ. ಎಂತಕೆ ಅಂತ ಮಾತ್ರ ಕೇಣ್ಬೇಡ."